ಫೈನಲಿಗೆ ಬರಬೇಡ

ನೆರೂಳ
೧೮ ನವೆಂಬರ್ ೨೦೨೪

ಕಮಲಾಕ್ಷ,

ಹೆಸರಿನ ಹಿಂದೆ ಹಾಕುವ ಪ್ರೀತಿಯ ಮಾತನ್ನು ಈ ಸಲ ಬೇಕೆಂದೇ ಬಿಟ್ಟಿದ್ದೇನೆ. ನಿನ್ನ ಫೋನುಗಳನ್ನು ಎತ್ತದೆ ಕಾಗದ ಬರೆಯುವುದಕ್ಕೂ ಕಾರಣವಿದೆ. ನನಗೆ ಸಿಟ್ಟು ಬರುವ ಹೊತ್ತಿಗೆ ಸರಿಯಾಗಿ ನಿನ್ನ ಹೋಟೆಲಿಗೆ ಗಿರಾಕಿ ಬರುತ್ತಾರೆ. "ಒಂದ್ನಿಮಿಷ ಮಾರಾಯ, ಕೌಂಟರಿನಲ್ಲಿ ಜನ ಉಂಟು" ಎಂದು ಇಟ್ಟುಬಿಡುತ್ತೀ. ಕಾಗದವಾದರೆ ಹೇಳಬೇಕಾದದ್ದನ್ನು ಹೇಳಿಯೇ ಮುಗಿಯುತ್ತದೆ.

ಶನಿವಾರ ನಿನ್ನ ಹೋಟೆಲಿನ ಮಾಳಿಗೆಯ ಕೋಣೆಗೆ ನಾನು ಬಂದದ್ದು ಚರ್ಚೆಗೆ. ವಿಷಯ ಏನಿತ್ತು? ನಮ್ಮ ಠಾಕುರ್ಲಿ ಯುನೈಟೆಡ್ ಫುಟ್‌ಬಾಲ್ ಹುಡುಗಿಯರು ಲೀಗಿನಲ್ಲಿ ಎಲ್ಲರನ್ನೂ ಸೋಲಿಸಿ, ಫೈನಲಿಗೆ ಬಂದಾಗ ಮಾತ್ರ ಯಾಕೆ ಎಡವುತ್ತಾರೆ ಎಂಬುದು. ಸತತ ಮೂರನೆಯ ಫೈನಲ್ ಸೋತಿದ್ದೇವೆ, ಕೇಳಬೇಕಾದ ಪ್ರಶ್ನೆಯೇ. ನಾನು ನಾಲ್ಕು ಮಾತು ಆಡಿದೆ. ಲೀಗಿನಲ್ಲಿ ಚೆಂಡನ್ನು ನೆಲದ ಮೇಲೆ ಆಡಿಸುವವರು ಫೈನಲಿನಲ್ಲಿ ಕಾಲಿಗೆ ಬೆಂಕಿ ತಾಗಿದವರ ಹಾಗೆ ಆಕಾಶಕ್ಕೆ ಒದೆಯುತ್ತಾರೆ. ಒಬ್ಬಳಿಗೂ ಚೆಂಡು ಬೇಡ. ಇದು ಕಾಲಿನ ಕಾಯಿಲೆಯಲ್ಲ, ತಲೆಯದು. ಇಷ್ಟೇ ಹೇಳಿದ್ದು. ಲೆಕ್ಕಪರಿಶೋಧನೆಯಲ್ಲಿ ಕೂದಲು ಹಣ್ಣಾದವನಿಗೆ ತಪ್ಪು ಎಲ್ಲಿದೆ ಎಂದು ಹೇಳುವ ಅಭ್ಯಾಸ.

ಆಗ ಕಲ್ಯಾಣದ ಬಟ್ಟೆ ಅಂಗಡಿಯ ಪೂವಪ್ಪ ನನ್ನತ್ತ ಕೈ ತೋರಿಸಿ ಬಾಯಿ ತೆರೆದ. "ಟೀಮು ಎಂತ ಎಡವುದಿಲ್ಲ. ರಾಯರು ಬಂದ ದಿನ ಮಾತ್ರ ಸೋಲುವುದು. ಬೇಕಾದ್ರೆ ನೆನಪು ಮಾಡಿ ನೋಡಿ." ಹಿಂದಿನಿಂದ ಯಾರೋ "ಪನವತಿ ಆಹೇ ರೇ" ಎಂದ. ಪನವತಿ ಎಂದರೆ ಈ ಊರಿನಲ್ಲಿ ಹೋದಲ್ಲೆಲ್ಲ ಕೆಡುಕು ತರುವವನು, ನಮ್ಮಲ್ಲಿ ಕಾಲ್ಗುಣ ಸರಿಯಿಲ್ಲದವನು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಾ ನಿನ್ನ ಮುಖ ನೋಡಿದೆ. ನೀನು ನಗುತ್ತಿರಲಿಲ್ಲ. "ಹಾಗಾದ್ರೆ ರಾಯರು ಇನ್ನು ಫೈನಲಿಗೆ ಬರುವುದು ಬೇಡ. ಒಪ್ಪಿದವರು ಕೈ ಎತ್ತಿ" ಎಂದು ಹೇಳಿದ್ದು ನೀನು. ಮೊದಲು ಎದ್ದ ಕೈ ನಿನ್ನದು.

ಬೆಂಗಳೂರಿನವರೂ ಮೈಸೂರಿನವರೂ ಉಡುಪಿಯವರೂ ಎಂಜಿನಿಯರುಗಳೂ ಬ್ಯಾಂಕಿನವರೂ ಕೂತಿದ್ದ ಕೋಣೆ ಅದು. ಉಪ್ಪಿಟ್ಟು ತಿನ್ನುತ್ತಾ ಎಲ್ಲರೂ ಕೈ ಎತ್ತಿದರು. ಅನಘ ನನ್ನ ಮಗಳು. ಆ ತಂಡದ ಕ್ಯಾಪ್ಟನ್. ಅವಳು ಆಡುವ ಫೈನಲಿಗೆ ಅವಳಪ್ಪ ಬರಬಾರದು ಎಂದು ಇಪ್ಪತ್ತೈದು ವರ್ಷದ ಗೆಳೆಯ ನಿರ್ಣಯ ಮಾಡಿಸುತ್ತಾನೆ. ನನಗೆ ಅವಮಾನವಾಗಿದೆ. ಸುತ್ತಿಬಳಸಿ ಹೇಳುವ ವಯಸ್ಸು ನನ್ನದಲ್ಲ.

ಯಾಕೆ ಎಂದು ಬರೆ.

ಇನ್ನೂ ಉತ್ತರ ಕಾಯುವಷ್ಟು ನಂಬಿಕೆ ಉಳಿದಿರುವ
ರಾಮಚಂದ್ರ


ಡೊಂಬಿವಲಿ ಪೂರ್ವ
೨೫ ನವೆಂಬರ್ ೨೦೨೪

ರಾಮಚಂದ್ರ,

ನಿನ್ನ ಕಾಗದವನ್ನು ಮೊದಲು ಓದಿದ್ದು ವನಮಾಲಾ. ಓದಿ ನನ್ನ ಮುಂದಿಟ್ಟು, "ಓದಿ. ನಿಮಗೆ ಇದು ಆಗಬೇಕಾದ್ದೇ" ಎಂದಳು. ಹೆಂಡತಿಯೇ ನಿನ್ನ ಪಕ್ಷ ಸೇರಿದ ಮೇಲೆ ನನ್ನದೇನು ಉಳಿಯಿತು.

ಮೊದಲು ಚರ್ಚೆಯ ಮಾತು. ನಮ್ಮ ತಂಡ ದೊಡ್ಡ ಪಂದ್ಯದಲ್ಲಿ ಎಡವುತ್ತದೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಮೊದಲ ಫೈನಲಿನಲ್ಲಿ ಗೋಲು ಕಾಯುವ ಗೋಲಿ ಹುಡುಗಿಗೆ ಜ್ವರ. ಎರಡನೆಯದರಲ್ಲಿ ನಮ್ಮದೇ ಹುಡುಗಿಯ ಮೊಣಕಾಲಿಗೆ ತಾಗಿ ಚೆಂಡು ನಮ್ಮದೇ ಬಲೆಗೆ ಹೋಯಿತು. ಹಾಗೆ ನೋಡಿದರೆ ನನ್ನ ಹೋಟೆಲಿನಲ್ಲಿ ಗ್ರೈಂಡರ್ ಕೆಡುವುದೂ ಯಾವಾಗಲೂ ಭಾನುವಾರವೇ. ಅದಕ್ಕೆ ಗ್ರೈಂಡರಿನ ತಲೆ ಕೆಟ್ಟಿದೆ ಎನ್ನಲು ಆಗುತ್ತದೆಯೇ?

ಮೂರನೆಯ ಫೈನಲಿನ ಮಾತು ಬೇರೆ. ಅದನ್ನು ನೀನೂ ಬರೆಯಲಿಲ್ಲ, ನೋಡು. ಪಂದ್ಯ ಸಮವಾಗಿತ್ತು, ನಮಗೆ ಪೆನಾಲ್ಟಿ ಸಿಕ್ಕಿತು, ಎದುರಿಗೆ ಗೋಲಿ ಒಬ್ಬಳೇ, ಅನಘ ಒದ್ದಳು, ಚೆಂಡು ಕಂಬದ ಮೇಲಿನಿಂದ ಹಾರಿ ರಸ್ತೆಗೆ ಬಿತ್ತು. ಶನಿವಾರದ ಚರ್ಚೆ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತಿತ್ತು. ನೀನು 'ತಲೆಯ ಕಾಯಿಲೆ' ಎಂದಾಗ ಎಲ್ಲರ ತಲೆಯಲ್ಲೂ ಒಂದೇ ಮುಖ. ಅವಳ ಕೋಚ್ ದ್ರೌಪದಿ ನನ್ನ ಪಕ್ಕದಲ್ಲೇ ಕೂತಿದ್ದವರು ಮೆಲ್ಲಗೆ ಹೇಳಿದರು: "ಕ್ಯಾಪ್ಟನ್ನೇ ಹಿಂಗ ಕೈ ಬಿಟ್ರ ಉಳಿದ ಹುಡುಗ್ಯಾರು ಏನ್ ಮಾಡ್ಬೇಕ್ರಿ? ನಾ ಇವತ್ತ ಮಾತಾಡಿ ಬಿಡ್ತೀನಿ." ಅವರು ಏಳುವುದರಲ್ಲಿದ್ದರು. ಆಗ ಪೂವಪ್ಪನ ಕುಚೋದ್ಯ ಬಂತು. ನಾನು ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಅಷ್ಟು ಜನರ ಬಾಯಲ್ಲಿ ಮಗಳ ಹೆಸರು ಕೆಡುವ ಬದಲು ಅಪ್ಪನ ಕಾಲು ಕೆಟ್ಟರೆ ನಷ್ಟವಿಲ್ಲ ಎಂದುಕೊಂಡೆ. ಕಾಲ್ಗುಣದ ಮಾತನ್ನು ನಾನೂ ನಂಬುವವನಲ್ಲ, ನಿನಗೆ ಗೊತ್ತು. ಆದರೆ ಹುಡುಗಿಯರ ಕಿವಿಗೆ ಈಗ ಬಿದ್ದಿದೆ. ಆಡುವಾಗ ಒಬ್ಬಳಾದರೂ ಕತ್ತೆತ್ತಿ ನೋಡಿ 'ಅಯ್ಯೋ, ರಾಯರು ಬಂದಿದ್ದಾರೆ' ಎಂದುಕೊಂಡರೆ ಆಟ ಅಲ್ಲಿಗೆ ಮುಗಿಯಿತು. ಆದ್ದರಿಂದ ಇನ್ನೊಂದು ಫೈನಲ್ ಬಂದರೆ ನೀನು ಬರಬೇಡ. ಮಗಳಿಗಾಗಿ ಇಷ್ಟನ್ನು ಹೊತ್ತುಕೋ.

ಅನಘ ನಮ್ಮ ಮನೆಯಲ್ಲಿ ಚೆನ್ನಾಗಿದ್ದಾಳೆ. ಬೆಳಿಗ್ಗೆ ಆರಕ್ಕೆ ಅಭ್ಯಾಸಕ್ಕೆ ಹೋಗುತ್ತಾಳೆ, ಅಲ್ಲಿಂದ ಕಲ್ಯಾಣದ ಶಾಲೆಗೆ. ರಾತ್ರಿ ನಮ್ಮ ಜೊತೆಗೇ ಊಟ.

ಸಿಟ್ಟು ಇಳಿದಾಗ ಕಾಫಿಗೆ ಬರಬೇಕಾದವನ ದಾರಿ ನೋಡುತ್ತಿರುವ
ಕಮಲಾಕ್ಷ


ನೆರೂಳ
೨ ಡಿಸೆಂಬರ್ ೨೦೨೪

ಕಮಲಾಕ್ಷ,

ನಿನ್ನ ಉಪಕಾರದ ಭಾರಕ್ಕೆ ಬೆನ್ನು ಬಾಗಿದೆ.

ಪೂವಪ್ಪನಿಗೆ ಒಂದು ಸಣ್ಣ ವಿಷಯ ತಿಳಿಸಿಹೇಳು. ಲೀಗ್ ಪಂದ್ಯಗಳು ನಡೆಯುವುದು ವಾರದ ದಿನ. ಆ ಹೊತ್ತಿಗೆ ನಾನು ಬೇಲಾಪುರದ ಆಫೀಸಿನಲ್ಲಿ ಯಾರದೋ ವೋಚರುಗಳ ಮೇಲೆ ಕೂತಿರುತ್ತೇನೆ. ಫೈನಲ್ ನಡೆಯುವುದು ಭಾನುವಾರ, ಆದ್ದರಿಂದ ಬರುತ್ತೇನೆ. ನಾನು ಬಂದದ್ದರಿಂದ ಸೋತದ್ದಲ್ಲ, ಸೋಲುವ ಪಂದ್ಯಗಳಿಗೆ ಮಾತ್ರ ನನಗೆ ರಜ ಇರುತ್ತದೆ. ಇಷ್ಟು ತರ್ಕ ಆ ಕೋಣೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲವಲ್ಲ.

ಇನ್ನು ಅನಘ. ಅವಳನ್ನು ಕಾಪಾಡಲು ನನ್ನನ್ನು ಬಲಿ ಕೊಟ್ಟೆ ಎನ್ನುತ್ತೀ. ಅವಳಿಗೆ ಬೇಕಾದದ್ದು ಕಾಪಾಡುವವರಲ್ಲ, ತಪ್ಪು ಎಲ್ಲಾಯಿತು ಎಂದು ಹೇಳುವವರು. ಆ ಪೆನಾಲ್ಟಿಯ ದಿನವೇ ನಾನು ಹೇಳಿದೆ. ಪಂದ್ಯ ಮುಗಿದು ಸ್ಟೇಷನ್ನಿಗೆ ನಡೆಯುವಾಗ ವಿವರಿಸಿದೆ. ಎಡಗಾಲು ಚೆಂಡಿನ ಪಕ್ಕಕ್ಕೆ ಬರಲಿಲ್ಲ, ಹಿಂದೆಯೇ ಉಳಿಯಿತು. ಮೈ ಹಿಂದಕ್ಕೆ ವಾಲಿತು. ಮೈ ವಾಲಿದರೆ ಚೆಂಡು ಮೇಲಕ್ಕೇ ಹೋಗಬೇಕು. ಅವಳು "ಹೂಂ" ಎಂದಳು. ನನ್ನ ವಿವರಣೆಯಲ್ಲಿ ಒಂದು ತಪ್ಪಿದ್ದರೆ ತೋರಿಸು.

ಅವಳಿಗೆ ಚೆಂಡು ಒದೆಯಲು ಕಲಿಸಿದ್ದು ಯಾರು ಎಂಬುದನ್ನು ನೀವೆಲ್ಲ ಮರೆತಂತಿದೆ. ಹೆಣ್ಣುಮಗುವಿಗೆ ಫುಟ್‌ಬಾಲ್ ಯಾಕೆ ಎಂದು ನಮ್ಮ ಕಟ್ಟಡದ ಸೊಸೈಟಿಯ ಹೆಂಗಸರು ಅವಳಮ್ಮ ಅಪರ್ಣಾಳನ್ನು ಕೇಳುತ್ತಿದ್ದ ಕಾಲದಲ್ಲಿ ಬೆಳಿಗ್ಗೆ ಮಗಳನ್ನು ಮೈದಾನಕ್ಕೆ ಕರೆದುಕೊಂಡು ಹೋಗುತ್ತಿದ್ದವನು ನಾನು. ಠಾಕುರ್ಲಿಯ ತಂಡಕ್ಕೆ ಸೇರಿಸಿದ್ದು ನಾನು. ನೆರೂಳದಿಂದ ಬೆಳಗಿನ ಅಭ್ಯಾಸಕ್ಕೆ ಬರಲಾಗುವುದಿಲ್ಲ, ಅಂಕಲ್ ಮನೆಯಲ್ಲಿ ಇರುತ್ತೇನೆ ಎಂದಳು. ಒಪ್ಪಿದ್ದೂ ನಾನೇ. ಈಗ ರಾತ್ರಿಯ ಊಟ ನಿಮ್ಮ ಜೊತೆ. ಇಲ್ಲಿಗೆ ಎರಡು ನಿಮಿಷದ ಫೋನು, ಅದೂ ಅವಳಮ್ಮನಿಗೆ.

ನೀನು ನನ್ನ ಮಗಳನ್ನು ಇಟ್ಟುಕೊಂಡು ನನಗೇ ಬರಬೇಡ ಎನ್ನುತ್ತಿದ್ದೀ. ಹೀಗೆ ಬರೆಯುವುದು ಕೆಟ್ಟದ್ದು ಎಂದು ಗೊತ್ತು. ಬರೆದಾಯಿತು.

ರಾಮಚಂದ್ರ


ಡೊಂಬಿವಲಿ ಪೂರ್ವ
೧೪ ಜನವರಿ ೨೦೨೫

ರಾಮಚಂದ್ರ,

ಹಿಂದಿನ ಕಾಗದಕ್ಕೆ ನಾನು ಉತ್ತರ ಬರೆಯಲಿಲ್ಲ. ಕೊನೆಯ ಸಾಲು ಓದಿದ ಮೇಲೆ ಬರೆಯಲು ಮನಸ್ಸಾಗಲಿಲ್ಲ, ಅಷ್ಟೇ. ಇವತ್ತು ಸಂಕ್ರಾಂತಿ. ಕೆಳಗೆ ಗಲ್ಲಿಯಲ್ಲಿ ಎಲ್ಲರೂ ಎಳ್ಳುಂಡೆ ಕೊಟ್ಟು ಒಳ್ಳೆಯ ಮಾತಾಡಿ ಎನ್ನುತ್ತಿದ್ದಾರೆ. ನಾನೂ ಪ್ರಯತ್ನ ಮಾಡುತ್ತೇನೆ. ಡಬ್ಬಿಯಲ್ಲಿ ಕಳಿಸಿರುವುದು ವನಮಾಲಾ ಮಾಡಿದ್ದು.

ಹೊಸ ಪಂದ್ಯಾವಳಿ ಶುರುವಾಗಿದೆ, ಖಾಡಿ ಕಪ್. ಠಾಣೆಯ ಖಾಡಿಯ, ಅಂದರೆ ಕಡಲ ಹಿನ್ನೀರಿನ, ಆಚೆ ಈಚೆಯ ಊರುಗಳ ತಂಡಗಳೆಲ್ಲ ಇವೆ. ಗುಂಪಿನ ಪಂದ್ಯಗಳನ್ನೆಲ್ಲ ಗೆದ್ದೆವು. ಮೊನ್ನೆ ದಿವಾದ ತಂಡದ ಮೇಲೆ ಕ್ವಾರ್ಟರ್ ಫೈನಲ್ ಇತ್ತು. ಅನಘಳದೇ ಎರಡು ಗೋಲು. ಎರಡನೆಯದನ್ನು ನೀನು ನೋಡಬೇಕಿತ್ತು ಎಂದು ಬರೆಯಲು ಹೊರಟು ಕೈ ತಡೆದೆ.

ಮಾಳಿಗೆಯಲ್ಲಿ ಚರ್ಚೆ ಇನ್ನೂ ನಿಂತಿಲ್ಲ. ಈಗ ಗೆಲ್ಲುತ್ತಿರುವುದು ಸಣ್ಣ ಪಂದ್ಯ, ದೊಡ್ಡದು ಬಂದಾಗ ನೋಡೋಣ ಎನ್ನುವವರು ಅರ್ಧ. ರಾಯರು ಬರದಿದ್ದರೆ ದೊಡ್ಡದೂ ಸಣ್ಣದೇ ಎನ್ನುವವನು ಪೂವಪ್ಪ. ನಾನು ಮೇಲಕ್ಕೆ ಕಾಫಿ ಕಳಿಸುತ್ತೇನೆ.

ಸೆಮಿಫೈನಲ್ ಫೆಬ್ರವರಿ ಎರಡರಂದು, ಕಲ್ಯಾಣದಲ್ಲಿ. ಭಾನುವಾರ. ನಿನಗೆ ರಜ ಇರುತ್ತದೆ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ. ಬರಬೇಡ. ಅಪರ್ಣಾ ಬರಲಿ. ಕಾರಣ ಕೇಳಬೇಡ, ಕಾಲ್ಗುಣ ಎಂದೇ ಇಟ್ಟುಕೋ.

ಸಿಹಿ ತಿಂದು ಸಿಹಿಯಾಗಿರು,
ಕಮಲಾಕ್ಷ


ನೆರೂಳ
೩ ಫೆಬ್ರವರಿ ೨೦೨೫

ಕಮಲಾಕ್ಷ,

ಎಳ್ಳುಂಡೆ ಚೆನ್ನಾಗಿತ್ತು. ಒಳ್ಳೆಯ ಮಾತಿನ ಕೆಲಸ ಆಗಲಿಲ್ಲ.

ನಾನು ಸೆಮಿಫೈನಲಿಗೆ ಬಂದಿದ್ದೆ. ಅಪರ್ಣಾ ಬೇಡ ಎಂದಳು. "ನೀವು ಮನೇಲಿರಿ, ನಾನು ಹೋಗ್ಬರ್ತೀನಿ. ಸುಮ್ನೆ ಬಿಪಿ ಏರಿಸ್ಕೋತೀರ" ಎಂದಳು. ಅವಳ ಹಿಂದಿನ ಟ್ರೇನಿನಲ್ಲಿ ಬಂದೆ. ತಲೆಗೆ ಟೋಪಿ ಹಾಕಿ, ಮೈದಾನದ ಮೂಲೆಯ ಚಹಾ ಗಾಡಿಯ ಪಕ್ಕದಲ್ಲಿ ನಿಂತಿದ್ದೆ. ಮಗಳ ಆಟ ನೋಡಲು ಕಳ್ಳನ ಹಾಗೆ ನಿಲ್ಲುವ ಗತಿ ತಂದಿಟ್ಟದ್ದಕ್ಕೆ ನಿಮಗೆಲ್ಲ ವಂದನೆ.

ನಾನು ಬಂದೆ, ತಂಡ ಗೆದ್ದಿತು. ಒಂದು ಗೋಲಿನಿಂದ. ಆ ನಿಮ್ಮ ಕಾಲ್ಗುಣದ ಸಿದ್ಧಾಂತವನ್ನು ಪೂವಪ್ಪ ತನ್ನ ಬಟ್ಟೆಯ ಥಾನಿನ ಜೊತೆ ಸುತ್ತಿ ಅಟ್ಟಕ್ಕೆ ಹಾಕಲಿ.

ಆದರೆ ಎಡವುತ್ತಾರೆ ಎಂದು ನಾನು ಹೇಳಿದ್ದು ಎಷ್ಟು ಸರಿ ಎಂಬುದನ್ನೂ ನೋಡಿದೆ. ಪೆನಾಲ್ಟಿ ಸಿಕ್ಕಿತು. ಅನಘ ಚೆಂಡು ತೆಗೆದುಕೊಂಡು ಬಂದು ಇಟ್ಟಳು. ಇಟ್ಟು, ಎದ್ದು ನಿಂತು, ಸುತ್ತ ನೋಡಿದಳು. ನೋಡಿ, ಪಕ್ಕದಲ್ಲಿದ್ದ ಪ್ರೇಕ್ಷಾಳಿಗೆ ನೀನು ಹೊಡೆ ಎಂದು ಬಿಟ್ಟುಕೊಟ್ಟಳು. ಆ ಹುಡುಗಿ ಹೊಡೆದಳು, ಗೆದ್ದೆವು. ಆದರೆ ಕ್ಯಾಪ್ಟನ್ ಆದವಳು ಮಾಡುವ ಕೆಲಸವೇ ಅದು? ಪಂದ್ಯ ಮುಗಿದ ಮೇಲೆ ಹೋಗಿ ಕೇಳಿದೆ. "ಯಾಕೆ ಬಿಟ್ಕೊಟ್ಟೆ? ಹೆದರ್ಕೊಂಡ್ಯಾ?" ಎಲ್ಲರ ಮುಂದೆ ಕೇಳಬಾರದಿತ್ತು ಎಂದು ಅಪರ್ಣಾ ದಾರಿಯುದ್ದಕ್ಕೂ ಹೇಳಿದಳು. ಅನಘ ನನ್ನ ಕಡೆ ನೋಡಲೂ ಇಲ್ಲ. ಪ್ರೇಕ್ಷಾಳಿಗೆ "ಚಲ್, ಟ್ರೇನ್ ಛೂಟ್ ಜಾಯೇಗಿ" ಎಂದು, ಟ್ರೇನು ತಪ್ಪುತ್ತದೆ ಎಂದು ಹಿಂದಿಯಲ್ಲಿ ಹೇಳಿ ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಬಿಟ್ಟಳು.

ಫೈನಲ್ ಇಪ್ಪತ್ತಮೂರಕ್ಕೆ ಎಂದು ಕೇಳಿದೆ. ಬರುತ್ತೇನೆ. ಟೋಪಿ ಇಲ್ಲದೆ, ಮೂಲೆಯಲ್ಲಲ್ಲ, ಮುಂದಿನ ಸಾಲಿನಲ್ಲಿ ಕೂರುತ್ತೇನೆ. ಯಾವ ಕೈ ಏಳುತ್ತದೋ ನೋಡುತ್ತೇನೆ.

ರಾಮಚಂದ್ರ


ಡೊಂಬಿವಲಿ ಪೂರ್ವ
೬ ಫೆಬ್ರವರಿ ೨೦೨೫

ರಾಮಚಂದ್ರ,

ಅವಳು ಚೆಂಡು ಇಟ್ಟು, ಎದ್ದು ನಿಂತು, ಸುತ್ತ ನೋಡಿದಳು ಎಂದು ನೀನೇ ಬರೆದಿದ್ದೀ. ಸುತ್ತ ನೋಡಲಿಲ್ಲ. ನಾನು ಅವಳ ಎದುರಿಗೇ ಇದ್ದೆ. ಅವಳು ಒಂದೇ ಕಡೆ ನೋಡಿದಳು, ಚಹಾ ಗಾಡಿಯ ಕಡೆಗೆ. ಎಲ್ಲವನ್ನೂ ಲೆಕ್ಕ ಹಾಕುವವನು ನೀನು. ಇದನ್ನೂ ಹಾಕು.

ವನಮಾಲಾ ಪಕ್ಕದಲ್ಲಿ ನಿಂತು "ಬರೆದುಬಿಡಿ, ಎಷ್ಟು ದಿನ ಅಂತ ಮುಚ್ಚಿಡುದು?" ಎನ್ನುತ್ತಿದ್ದಾಳೆ. ನಾನು ಬರೆಯುವುದಿಲ್ಲ. ಬರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ.

ಫೈನಲಿಗೆ ಬರಬೇಡ. ಇದನ್ನು ತಂಡದ ಅಭಿಮಾನಿಯಾಗಿ ಕೇಳುತ್ತಿಲ್ಲ.

ಕಮಲಾಕ್ಷ


ಡೊಂಬಿವಲಿ
೧೦ ಫೆಬ್ರವರಿ ೨೦೨೫

ಅಪ್ಪ,

ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಾತಾಡುವಾಗ ನನಗೆ ಹಿಂದಿ ಬಂದುಬಿಡುತ್ತದೆ, ನಿಮಗೆ ಅದು ಇಷ್ಟವಿಲ್ಲ. ಗೊತ್ತಿಲ್ಲದ ಪದವನ್ನು ವನಮಾಲಾ ಆಂಟಿಯ ಹತ್ತಿರ ಕೇಳಿ ಬರೆಯುತ್ತೇನೆ. ತಪ್ಪುಗಳಿದ್ದರೆ ದಯವಿಟ್ಟು ಗುರುತು ಹಾಕಬೇಡಿ.

ನಿಮ್ಮ ಕಾಗದಗಳನ್ನು ಅಂಕಲ್ ನನಗೆ ತೋರಿಸಲಿಲ್ಲ. ಆಂಟಿ ಹೇಳಿದರು. ನಿಮ್ಮನ್ನು ಬರಬೇಡಿ ಎಂದು ಹೇಳಿಸಿದ್ದು ನಾನು. ಆ ಶನಿವಾರಕ್ಕಿಂತ ಮೊದಲೇ ನಾನು ಅಂಕಲನ್ನು ಕೇಳಿಕೊಂಡಿದ್ದೆ, ಅಪ್ಪ ಇನ್ನು ಫೈನಲಿಗೆ ಬರದ ಹಾಗೆ ಏನಾದರೂ ಮಾಡಿ ಎಂದು. ನನ್ನ ಹೆಸರು ಹೇಳಬೇಡಿ ಎಂದೂ ಹೇಳಿದ್ದೆ. ಆ ಪನವತಿ ಮಾತು ಸಿಕ್ಕಿತು, ಅಂಕಲ್ ಅದನ್ನು ಉಪಯೋಗಿಸಿದರು. ಅವರ ತಪ್ಪಿಲ್ಲ. ಅವರ ಜೊತೆ ಜಗಳ ಮಾಡಬೇಡಿ.

ಚಿಕ್ಕವಳಿದ್ದಾಗ ಮ್ಯಾಚ್ ಮುಗಿಸಿ ಠಾಣೆಯಿಂದ ನೆರೂಳಕ್ಕೆ ಟ್ರೇನಿನಲ್ಲಿ ಬರುತ್ತಿದ್ದೆವು. ಐರೋಲಿಯಿಂದ ಕೋಪರ್‌ಖೈರಾಣೆಯ ತನಕ ನೀವು ಮೊದಲ ಅರ್ಧದ ತಪ್ಪು ಹೇಳುತ್ತಿದ್ದಿರಿ. ತುರ್ಭೆಯಿಂದ ಜುಯಿನಗರದ ತನಕ ಎರಡನೆಯ ಅರ್ಧ. ಗೆದ್ದ ದಿನವೂ ಹೇಳುತ್ತಿದ್ದಿರಿ. ನೀವು ಒಂದು ದಿನವೂ ಬೈಯಲಿಲ್ಲ, ಕೂಗಲಿಲ್ಲ. ನೀವು ಹೇಳಿದ್ದೆಲ್ಲ ಸರಿ ಇರುತ್ತಿತ್ತು. ಸುಳ್ಳಾಗಿದ್ದರೆ ನಾನು ಜಗಳವಾದರೂ ಆಡಬಹುದಿತ್ತು.

ಈಗ ನೀವು ಬಂದಿದ್ದೀರಿ ಎಂದು ಗೊತ್ತಾದರೆ ಚೆಂಡು ಇಟ್ಟಾಗ ನನಗೆ ಗೋಲು ಕಾಣುವುದಿಲ್ಲ. ತುರ್ಭೆ ಕಾಣುತ್ತದೆ. ಒದೆಯುವ ಮೊದಲೇ ನೀವು ಏನು ಹೇಳುತ್ತೀರಿ ಎಂದು ಕೇಳಿಸುತ್ತದೆ.

ಮಾಳಿಗೆಯಲ್ಲಿ ಎಲ್ಲರೂ ಟೀಮ್ ದೊಡ್ಡ ಮ್ಯಾಚಿನಲ್ಲಿ ಎಡವುತ್ತದೆ ಎಂದು ಮಾತಾಡುತ್ತಾರೆ. ಟೀಮ್ ಎಡವುವುದಿಲ್ಲ. ನಾನು ಎಡವುತ್ತೇನೆ, ನೀವು ಇರುವ ಮ್ಯಾಚಿನಲ್ಲಿ. ದೊಡ್ಡ ಮ್ಯಾಚಿಗೆ ಮಾತ್ರ ನೀವು ಬರುತ್ತೀರಿ.

ಈ ಸಲ ಸೋತರೆ ದ್ರೌಪದಿ ಮೇಡಂ ನನ್ನನ್ನು ಕ್ಯಾಪ್ಟನ್ ಆಗಿ ಇಡುವುದಿಲ್ಲ, ಹನ್ನೊಂದರಲ್ಲೂ ಇಡುವುದಿಲ್ಲವೇನೋ. ಅವರು ನನಗೆ ನೇರ ಹೇಳಿದ್ದಾರೆ. ಅಮ್ಮ ಬರಲಿ. ನೀವು ಬರಬೇಡಿ. ಟೋಪಿ ಹಾಕಿಕೊಂಡೂ ಬರಬೇಡಿ. ನೀವು ನಿಲ್ಲುವ ರೀತಿ ನನಗೆ ಗೊತ್ತು.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಹೆದರಿಕೆ ಇದೆ.

ಅನಘ


ಡೊಂಬಿವಲಿ ಪೂರ್ವ
೨೪ ಫೆಬ್ರವರಿ ೨೦೨೫

ರಾಮಚಂದ್ರ,

ಅಪರ್ಣಾ ರಾತ್ರಿಯೇ ಹೇಳಿರುತ್ತಾಳೆ. ಆದರೂ ನಾನು ಬರೆಯಬೇಕು.

ಗೆದ್ದೆವು. ಐದು ಫೈನಲ್ ಗೆದ್ದವರ ಹಾಗೆ ಕುಣಿದೆವು. ಒಂದಕ್ಕೆ ಒಂದು ಸಮವಾಗಿತ್ತು, ಆಟ ಮುಗಿಯಲು ಸ್ವಲ್ಪವೇ ಉಳಿದಿತ್ತು, ಪ್ರೇಕ್ಷಾಳನ್ನು ಗೋಲಿನ ಎದುರೇ ಬೀಳಿಸಿದರು. ಪೆನಾಲ್ಟಿ. ಪ್ರೇಕ್ಷಾ ಕುಂಟುತ್ತಾ ಚೆಂಡಿಗೆ ಕೈ ಹಾಕಿದಳು. ಅನಘ ಬಂದು ಅವಳ ಕೈಯಿಂದ ಚೆಂಡು ತೆಗೆದುಕೊಂಡಳು. ಇಟ್ಟಳು. ಎದ್ದು ನಿಂತು ಚಹಾ ಗಾಡಿಯ ಕಡೆ ನೋಡಿದಳು. ಮುಂದಿನ ಸಾಲನ್ನು ಉದ್ದಕ್ಕೂ ನೋಡಿದಳು. ನೀನು ಎಲ್ಲೂ ಇರಲಿಲ್ಲ. ಆಮೇಲೆ ಒದ್ದಳು. ಬಲೆ ಅಲುಗಿದ ಮೇಲೆ ಓಡಲಿಲ್ಲ, ಕುಣಿಯಲಿಲ್ಲ, ಅಲ್ಲಿಯೇ ಕೂತುಬಿಟ್ಟಳು.

ಇನ್ನೊಂದು ವಿಷಯವನ್ನು ಬೇರೆ ಯಾರಾದರೂ ಹೇಳುವ ಮೊದಲು ನಾನೇ ಬರೆಯುತ್ತೇನೆ. ಪೂವಪ್ಪ ನಿನ್ನೆ ಮಾಳಿಗೆಯಲ್ಲಿ ಎದ್ದು ನಿಂತು, "ರಾಯರು ಮಾತಿಗೆ ಕಟ್ಟುಬಿದ್ದು ಬರ್ಲಿಲ್ಲ, ಅದಕ್ಕೇ ಗೆದ್ದದ್ದು. ಅವರಿಗೆ ಒಂದು ಶಾಲು ಹೊದಿಸ್ಬೇಕು" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನದು ಕೆಟ್ಟ ಮನಸ್ಸಲ್ಲ. ನಾನು ಏನು ಹೇಳಲಿ? ನಿಜ ಹೇಳಿದರೆ ಅನಘಳ ಮಾನ ಹೋಗುತ್ತದೆ. ಸುಮ್ಮನಿದ್ದರೆ ನಿನ್ನದು. ಸುಮ್ಮನಿದ್ದೆ.

ಯಾಕೆ ನಿನಗೆ ನೇರವಾಗಿ ಹೇಳಲಿಲ್ಲ ಎಂದು ಕೇಳುತ್ತೀ. ಕಾಲ್ಗುಣ ಸರಿಯಿಲ್ಲ ಎಂದರೆ ಗಂಡಸು ನಾಲ್ಕು ದಿನ ಸಿಟ್ಟು ಮಾಡಿ ಮರೆಯುತ್ತಾನೆ. ಮಗಳಿಗೆ ನಿನ್ನ ಕಣ್ಣೆಂದರೆ ಹೆದರಿಕೆ ಎಂದರೆ ಅದನ್ನು ಹೊತ್ತು ಹೇಗೆ ಬದುಕುವುದು? ಚಿಕ್ಕ ಅವಮಾನ ಕೊಟ್ಟು ದೊಡ್ಡದನ್ನು ತಪ್ಪಿಸೋಣ ಎಂದುಕೊಂಡೆ. ಈಗ ನೋಡಿದರೆ ನಿನಗೆ ಎರಡೂ ಸಿಕ್ಕಿವೆ.

ಪೆನಾಲ್ಟಿಯ ವಿಡಿಯೊವನ್ನು ಅಪರ್ಣಾಳ ಫೋನಿಗೆ ಕಳಿಸಿದ್ದೇನೆ. ಅನಘ ನಿನ್ನೆಯಿಂದ ಕೇಳುತ್ತಲೇ ಇದ್ದಾಳೆ, "ಅಪ್ಪ ನೋಡಿದ್ರಾ? ಏನ್ ಅಂದ್ರು?" ನೇರವಾಗಿ ನಿನ್ನನ್ನು ಕೇಳಲು ಅವಳಿಗೆ ಧೈರ್ಯವಿಲ್ಲ. ಒಂದು ಮಾತು ಬರೆ.

ಬಾ ಎಂದು ಕರೆಯಲು ಮುಖವಿಲ್ಲದ
ಕಮಲಾಕ್ಷ


ನೆರೂಳ
೫ ಮಾರ್ಚ್ ೨೦೨೫

ಕಮಲಾಕ್ಷ,

ಶಾಲು ಬೇಡ ಎಂದು ಪೂವಪ್ಪನಿಗೆ ಹೇಳು. ಅದನ್ನು ಅವನ ಅಂಗಡಿಯಲ್ಲೇ ಮಾರಿಕೊಳ್ಳಲಿ.

ಅಂದು ಅಪರ್ಣಾ ಹೋದ ಮೇಲೆ ನಾನೂ ಹೊರಟೆ. ಮೈದಾನಕ್ಕೆ ಹೋಗಲು ಅಲ್ಲ. ಠಾಣೆಯ ತನಕ ಹೋಗಿ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತೆ. ಕಲ್ಯಾಣದ ಗಾಡಿಗಳು ಬರುತ್ತಿದ್ದವು, ಹೋಗುತ್ತಿದ್ದವು. ಹತ್ತಲಿಲ್ಲ. ಪಂದ್ಯ ಮುಗಿದಿರಬೇಕು ಎನ್ನುವ ಹೊತ್ತಿಗೆ ಎದ್ದು ವಾಪಸು ಬಂದೆ. ಐರೋಲಿ, ಕೋಪರ್‌ಖೈರಾಣೆ, ತುರ್ಭೆ, ಜುಯಿನಗರ. ಹೇಳಲು ಏನೂ ಇರಲಿಲ್ಲ, ಕೇಳಲು ಯಾರೂ ಇರಲಿಲ್ಲ. ಆ ದಾರಿ ಅಷ್ಟು ಉದ್ದವಿದೆ ಎಂದು ನನಗೆ ಗೊತ್ತಿರಲಿಲ್ಲ.

ಅಪರ್ಣಾ ಬಂದಳು, ಮುಖ ನೋಡಿಯೇ ಗೆದ್ದದ್ದು ಗೊತ್ತಾಯಿತು. "ನಿನಗೂ ಗೊತ್ತಿತ್ತಾ?" ಎಂದು ಕೇಳಿದೆ. "ಗೊತ್ತಿತ್ತು. ಅವಳು ಮೊದಲು ನನ್ನ ಹತ್ರಾನೇ ಅತ್ತಿದ್ದು" ಎಂದಳು. ಹೆಂಡತಿಗೆ ಗೊತ್ತಿತ್ತು, ನಿನಗೆ ಗೊತ್ತಿತ್ತು, ವನಮಾಲಾಗೆ ಗೊತ್ತಿತ್ತು. ಇಡೀ ಕತೆಯಲ್ಲಿ ಗೊತ್ತಿಲ್ಲದವನು ನಾನೊಬ್ಬನೇ. ಊರವರ ಲೆಕ್ಕದಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಂಡವನು.

ಮಗಳ ಮೇಲೆ ನನಗೆ ಸಿಟ್ಟಿಲ್ಲ. ನಿನ್ನ ಮೇಲಿನದು ಹೋಗುತ್ತಿಲ್ಲ. ನನಗೆ ಯಾವುದನ್ನು ಹೊರಲು ಆಗುತ್ತದೆ, ಯಾವುದನ್ನು ಆಗುವುದಿಲ್ಲ ಎಂದು ತೀರ್ಮಾನಿಸಲು ನೀನು ಯಾರು ಎಂದು ದಿನಕ್ಕೊಮ್ಮೆಯಾದರೂ ಅನಿಸುತ್ತದೆ. ನನ್ನನ್ನು ನಗೆಪಾಟಲು ಮಾಡುವುದಕ್ಕಿಂತ ಕಾಫಿ ಮುಂದಿಟ್ಟು, 'ನಿನ್ನ ಮಗಳಿಗೆ ನಿನ್ನ ಹೆದರಿಕೆ ಕಣೋ' ಎಂದಿದ್ದರೆ ನಾನು ಸಾಯುತ್ತಿರಲಿಲ್ಲ. ಬಹುಶಃ ನಂಬುತ್ತಿರಲಿಲ್ಲ. ಅದು ಬೇರೆ ಮಾತು. ಸದ್ಯಕ್ಕೆ ನಿನ್ನ ಮಾಳಿಗೆಯ ಮೆಟ್ಟಿಲು ಹತ್ತಲು ನನಗೆ ಮನಸ್ಸಿಲ್ಲ, ಮುಂದೆ ಬರುತ್ತದೆ ಎಂಬ ಭರವಸೆಯನ್ನೂ ಕೊಡಲಾರೆ.

ಎಂಟು ವರ್ಷ ನಾನು ಕಾದದ್ದು ಆ ಒಂದು ಒದೆತಕ್ಕೆ. ನಾನು ಇಲ್ಲದ್ದರಿಂದ ಅದು ಆಯಿತು. ಇನ್ನು ಮುಂದೆಯೂ ಅವಳು ಗೆಲ್ಲಬೇಕಾದರೆ ನಾನು ಇಲ್ಲದೆ ಇರಬೇಕು. ಪೂವಪ್ಪ ಹೇಳಿದ್ದೇ ಸರಿಯಾಯಿತು ನೋಡು, ಕಾರಣವೊಂದು ಬೇರೆ.

ವಿಡಿಯೊ ನೋಡಿದೆ. ಒಂದು ಸಲವಲ್ಲ. ಅಪರ್ಣಾ ಮಲಗಿದ ಮೇಲೂ ನೋಡಿದೆ. ಅನಘ ಅಲ್ಲಿಯೇ ಕೂತುಬಿಟ್ಟದ್ದನ್ನು ನೋಡಿ ನನಗೂ ಅಳು ಬಂತು. ಆದರೆ ಎಡಗಾಲು ಈ ಸಲವೂ ಹಿಂದೆಯೇ ಉಳಿದಿದೆ, ಕಮಲಾಕ್ಷ. ಗೋಲಿ ಆತುರಪಟ್ಟು ಎಡಕ್ಕೆ ಬಿದ್ದಳು, ಆದ್ದರಿಂದ ಗೋಲಾಯಿತು. ಜಾಣೆಯಾಗಿದ್ದರೆ ತಡೆಯುತ್ತಿದ್ದಳು.

ಅನಘಳಿಗೆ ಬರೆಯಲು ಮೂರು ಸಲ ಕೂತೆ. 'ಮಗಳೇ, ತುಂಬ ಸಂತೋಷವಾಯಿತು' ಎಂದು ಶುರುಮಾಡಿದರೆ ನಾಲ್ಕನೆಯ ಸಾಲಿಗೆ ಎಡಗಾಲು ಬರುತ್ತದೆ. ಹರಿದು ಹಾಕಿ ಮತ್ತೆ ಬರೆದೆ. ಮತ್ತೆ ಬಂತು. ಬರದಂತೆ ತಡೆಯಲು ನನಗೆ ಗೊತ್ತಿಲ್ಲ, ಈ ವಯಸ್ಸಿನಲ್ಲಿ ಕಲಿಯುತ್ತೇನೆ ಎಂದೂ ಅನಿಸುವುದಿಲ್ಲ. ಆದ್ದರಿಂದ ಅವಳಿಗೆ ಕಾಗದ ಕಳಿಸುತ್ತಿಲ್ಲ.

ಅವಳು ಮತ್ತೆ ಕೇಳಿದರೆ, ಅಪ್ಪ ವಿಡಿಯೊ ನೋಡಿಲ್ಲ ಎಂದು ಹೇಳು. ಫೋನಿನಲ್ಲಿ ತೆರೆಯಲು ಬರಲಿಲ್ಲ ಎನ್ನು, ಕಣ್ಣು ಮಂಜಾಗಿದೆ ಎನ್ನು, ಏನು ಬೇಕಾದರೂ ಎನ್ನು. ಆ ಒಂದು ಗೋಲನ್ನಾದರೂ ನಾನು ನೋಡಿಲ್ಲ ಎಂದು ಅವಳು ತಿಳಿದುಕೊಳ್ಳಲಿ. ನನ್ನ ಹೆಸರಿನಲ್ಲಿ ಸುಳ್ಳು ಹೇಳುವುದು ನಿನಗೆ ಅಭ್ಯಾಸವಾಗಿದೆ, ಇದನ್ನೂ ಹೇಳಿಬಿಡು.

ರಾಮಚಂದ್ರ